ಜಲೀಲನಿಲ್ಲದ ಸುಳಿವು

ಮತ್ತೋಡಿನಲ್ಲಿ ಒಟ್ಟಿಗೆ ಬೆಳೆದ ನಾವು ಏಳೆಂಟು ಗೆಳೆಯರು ಈಗ ಒಂದೂರಿನಲ್ಲಿಲ್ಲ. ಒಬ್ಬ ಹೊಸದುರ್ಗದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಇನ್ನೊಬ್ಬ ಹೊಳಲ್ಕೆರೆ ಕಡೆ ಮೇಷ್ಟ್ರು. ಇಬ್ಬರು ಬೆಂಗಳೂರು ಸೇರಿದರು, ಒಬ್ಬ ದಮ್ಮಾಮಿಗೆ ಹೋದ. ಊರಲ್ಲೇ ಉಳಿದವನು ತೆಂಗಿನ ತೋಟ ನೋಡಿಕೊಂಡಿದ್ದಾನೆ. ನಮ್ಮಲ್ಲಿ ಲಿಂಗಾಯತರಿದ್ದಾರೆ, ಕುರುಬರಿದ್ದಾರೆ, ನಾಯಕರಿದ್ದಾರೆ, ಸಾಬರಿದ್ದೇವೆ. ಚಿಕ್ಕಂದಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಸಿನಿಮಾ ನೋಡಿದವರು. ಈಗ ರಾತ್ರಿ ಊಟವಾದ ಮೇಲೆ, ರಂಜಾನ್ ತಿಂಗಳಾದರೆ ತರಾವೀಹ್ ಮುಗಿದ ಮೇಲೆ, ಫೋನಿನಲ್ಲಿ ಒಂದು ಕಡೆ ಸೇರುತ್ತೇವೆ. ರಾಜಕೀಯ ಮಾತಾಡಿದರೆ ಜಗಳವಾಗುತ್ತದೆಂದು ಎಲ್ಲರಿಗೂ ಗೊತ್ತಿರುವುದರಿಂದ ಒಂದು ಆಟ ಹುಡುಕಿಕೊಂಡಿದ್ದೇವೆ. ಒಬ್ಬ ಯಾವುದಾದರೂ ಸಿನಿಮಾದ ಕತೆಯನ್ನು ಒಂದೇ ಸಾಲಿಗೆ ಇಳಿಸಿ ಬರೆಯುತ್ತಾನೆ. ನಟರ ಹೆಸರು ಹೇಳುವಂತಿಲ್ಲ, ಹಾಡಿನ ಸಾಲು ಹಾಕುವಂತಿಲ್ಲ. ಉಳಿದವರು ಸಿನಿಮಾದ ಹೆಸರು ಹೇಳಬೇಕು. ಮೊದಲು ಹೇಳಿದವನು ಮುಂದಿನ ಸುಳಿವು ಕೊಡುತ್ತಾನೆ.

ಇದರಲ್ಲಿ ವಿಮರ್ಶೆಗೆ ಏನಿದೆ ಎಂದು ಓದುಗರು ಕೇಳಬಹುದು. ನಮಗೂ ಹಾಗೇ ಅನ್ನಿಸಿತ್ತು. ಕಾಡಿನಿಂದ ತಂದ ಎತ್ತಿನ ಜೋಡಿ ಮನೆಯಲ್ಲಿದೆ, ಉಳುವುದಕ್ಕೆ ನೆಲವಿಲ್ಲ ಎಂದು ಒಬ್ಬ ಬರೆದರೆ ‘ಚೋಮನ ದುಡಿ’ ಎಂದು ಇನ್ನೊಬ್ಬ ಹೇಳುತ್ತಾನೆ. ಸತ್ತವನನ್ನು ಸುಡುವವರು ಯಾರೆಂದು ತೀರ್ಮಾನವಾಗದೆ ಅಗ್ರಹಾರವೇ ಉಪವಾಸ ಕೂತಿದೆ ಎಂದರೆ ‘ಸಂಸ್ಕಾರ’. ನಿವೃತ್ತ ಜವಾನ ಪಿಂಚಣಿಗೆ ಅಲೆಯುತ್ತಿದ್ದಾನೆ, ಅಷ್ಟರಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ ಎಂದರೆ ‘ತಬರನ ಕಥೆ’. ಹೀಗೆ ಆಡುತ್ತಾ ಆಡುತ್ತಾ ನಮಗೊಂದು ವಿಷಯ ತಿಳಿಯಿತು. ಒಂದು ಸಾಲಿನಲ್ಲಿ ಏನನ್ನು ಉಳಿಸಿಕೊಳ್ಳುತ್ತೇವೆ, ಯಾರನ್ನು ಬಿಟ್ಟುಬಿಡುತ್ತೇವೆ ಎಂಬುದು ಸಿನಿಮಾದ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ನಮ್ಮ ಬಗ್ಗೆ ಹೇಳುತ್ತದೆ. ಆ ತಿಳಿವು ನಮಗೆ ಬಂದ ರಾತ್ರಿಯ ಬಗ್ಗೆ ಮುಂದೆ ಹೇಳುತ್ತೇವೆ.

ಅದಕ್ಕೆ ಮೊದಲು ಈ ಆಟದ ಹಿರಿಯರನ್ನು ನೆನೆಯಬೇಕು. ಫೋನಿನಲ್ಲಿ ಆಡುವುದರಿಂದ ಇದು ನಿನ್ನೆ ಮೊನ್ನೆ ಹುಟ್ಟಿದ ಆಟವೆಂದು ತಿಳಿಯಬೇಕಾಗಿಲ್ಲ. ಟಾಕೀಸುಗಳ ಬಾಗಿಲಲ್ಲಿ ಹಿಂದೆ ಹಾಡಿನ ಪುಸ್ತಕ ಮಾರುತ್ತಿದ್ದರು. ತೆಳು ಕಾಗದದ ನಾಲ್ಕಾರು ಪುಟ. ಹಾಡುಗಳಿಗೆ ಮುಂಚೆ ‘ಕಥಾಸಾರಾಂಶ’ ಎಂದು ಅರ್ಧ ಪುಟ ಇರುತ್ತಿತ್ತು. ನಾಯಕ ಊರಿಗೆ ಬರುತ್ತಾನೆ, ನಾಯಕಿಯನ್ನು ಕಾಣುತ್ತಾನೆ, ಖಳ ಅಡ್ಡ ಬರುತ್ತಾನೆ. ಕತೆ ಕಾವೇರುವಾಗಲೇ ಸಾರಾಂಶ ನಿಂತು, ಮುಂದೇನಾಯಿತೆಂಬುದನ್ನು ತೆರೆಯ ಮೇಲೆ ನೋಡಿ ಎನ್ನುತ್ತಿತ್ತು. ಸಿನಿಮಾಕ್ಕೆ ಕಾಸಿಲ್ಲದವರು ಆ ಪುಸ್ತಕವನ್ನೇ ಓದಿ, ಉಳಿದ ಕತೆಯನ್ನು ತಾವೇ ಕಟ್ಟಿಕೊಂಡು, ನೋಡಿದವರಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಅಲ್ಲಿ ಹೆಸರು ಮೊದಲೇ ಗೊತ್ತು, ಕತೆಯನ್ನು ಊಹಿಸಬೇಕು. ನಮ್ಮ ಆಟದಲ್ಲಿ ಕತೆ ಗೊತ್ತು, ಹೆಸರನ್ನು ಊಹಿಸಬೇಕು. ವ್ಯತ್ಯಾಸ ಇಷ್ಟೇ.

ಇನ್ನೂ ಹಿಂದಕ್ಕೆ ಹೋದರೆ ಒಗಟು ಸಿಗುತ್ತದೆ. ನಮ್ಮ ಸೀಮೆಯ ಮದುವೆ ಮನೆಗಳಲ್ಲಿ ಹೊಸ ಹೆಣ್ಣು ಗಂಡನ ಹೆಸರನ್ನು ನೇರವಾಗಿ ಹೇಳುವುದಿಲ್ಲ, ಒಗಟಿನಲ್ಲಿ ಸುತ್ತಿ ಹೇಳುತ್ತಾಳೆ. ದಖನಿ ಮಾತಾಡುವ ನಮ್ಮ ಮನೆಗಳಲ್ಲಿ ಅಜ್ಜಿಯರ ಬಾಯಲ್ಲಿ ಪಹೇಲಿಗಳಿದ್ದವು. ಅಮೀರ್ ಖುಸ್ರೋನ ಹೆಸರಿನಲ್ಲಿ ಎಷ್ಟೋ ಪಹೇಲಿಗಳು ಉತ್ತರ ಹಿಂದೂಸ್ತಾನದಿಂದ ದಕ್ಷಿಣದವರೆಗೆ ತಿರುಗಾಡಿವೆ. ಒಗಟು ಕಟ್ಟಿದವರು ಒಂದು ನಿಯಮವನ್ನು ಬಲವಾಗಿ ಪಾಲಿಸಿದ್ದರು. ತೆಂಗಿನಕಾಯಿಯ ಬಗ್ಗೆ ಒಗಟು ಕಟ್ಟುವವರು ಅದನ್ನು ಕೋಟೆಯೆಂದೋ, ಬಾವಿಯೆಂದೋ ಬೇರೆ ಕಣ್ಣಿನಿಂದ ನೋಡುತ್ತಾರೆ. ಆದರೆ ಆ ಒಗಟು ತೆಂಗಿನಕಾಯಿಯೊಂದಕ್ಕೇ ಹೊಂದಬೇಕು. ಮಾವಿನಕಾಯಿಗೂ ಕುಂಬಳಕಾಯಿಗೂ ಹೊಂದಿದರೆ ಕೇಳಿದವರು ನಕ್ಕು, ನಿನ್ನ ಒಗಟು ಸರಿಯಿಲ್ಲ ಎಂದು ಹೇಳಿಬಿಡುತ್ತಾರೆ. ಒಂದು ವಸ್ತುವನ್ನು ಅದರ ಜಾತಿಯಿಂದ ಗುರುತಿಸದೆ ಅದರದೇ ಗುಣದಿಂದ ಗುರುತಿಸಬೇಕು ಎಂಬ ಈ ನಿಯಮ ನಮ್ಮ ಹಳ್ಳಿಯ ಹೆಂಗಸರಿಗೆ ಗೊತ್ತಿತ್ತು. ಸಿನಿಮಾ ನೋಡಿ ಬೆಳೆದ ನಾವು ಅದನ್ನು ಮರೆತಿದ್ದೆವು.

*

ಆ ರಾತ್ರಿ ಹೊಳಲ್ಕೆರೆಯ ಮೇಷ್ಟ್ರು ಸುಳಿವು ಕೊಟ್ಟರು. ಗುರುವಿನ ಮಾತಿಗೆ ಕಟ್ಟುಬಿದ್ದು ಪ್ರೀತಿಸಿದವಳನ್ನು ಬಿಟ್ಟುಕೊಟ್ಟ ಹುಡುಗ, ಎರಡನೆಯ ಸಲ ಬಿಟ್ಟುಕೊಡಲೊಪ್ಪದೆ ಗುರುವನ್ನೂ ಕಳೆದುಕೊಂಡ, ತಾನೂ ಉಳಿಯಲಿಲ್ಲ. ಬರೆದು ಮುಗಿಸುವುದರೊಳಗೆ ಐದು ಜನ ಉತ್ತರ ಹೇಳಿದರು. ಚಿತ್ರದುರ್ಗ ಜಿಲ್ಲೆಯವರಿಗೆ ‘ನಾಗರಹಾವು’ ಗುರುತಿಸಲು ಅಷ್ಟೂ ಬೇಕಾಗಿಲ್ಲ. ಆಗ ದಮ್ಮಾಮಿನ ಗೆಳೆಯ ತಾನೂ ಒಂದು ಸುಳಿವು ಹಾಕಿದ. ಕಾಲೇಜು ಹುಡುಗಿಯನ್ನು ದಾರಿಯಲ್ಲಿ ಕಾಡುವ ಸಾಬರ ಹುಡುಗ ಏಟು ತಿಂದು ಹೋಗುತ್ತಾನೆ. ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಒಂದೊಂದು ಹೆಸರು ಹೇಳಿದರು. ಯಾವುದೂ ಸರಿಯಿರಲಿಲ್ಲ, ಆದರೆ ಯಾವುದೂ ಪೂರ್ತಿ ತಪ್ಪೂ ಆಗಿರಲಿಲ್ಲ. ಅಂಥ ಹುಡುಗ ಅಷ್ಟೂ ಸಿನಿಮಾಗಳಲ್ಲಿದ್ದ. ಕೊನೆಗೆ ಅವನೇ ಬರೆದ: ಅದೂ ‘ನಾಗರಹಾವು’ ಕಣಪ್ಪ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ನಮ್ಮ ಹೆಸರಿನವನು ಆ ಸಿನಿಮಾದಲ್ಲಿ ಬಂದದ್ದು ಏಟು ತಿನ್ನಲಿಕ್ಕೆ ತಾನೆ, ಸಣ್ಣವನಿದ್ದಾಗ ಟಾಕೀಸಿನಲ್ಲಿ ನಾನೂ ಸಿಳ್ಳೆ ಹೊಡೆದಿದ್ದೆ, ಯಾರಿಗೆ ಹೊಡೆದೆ ಅಂತ ಈಗ ಯೋಚನೆ ಮಾಡ್ತೀನಿ ಎಂದು ಬರೆದ. ಆ ರಾತ್ರಿ ಆಟ ಅಲ್ಲಿಗೇ ನಿಂತಿತು.

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲು ನಮಗೆ ಆಗಲಿಲ್ಲ. ‘ನಾಗರಹಾವು’ ನಮ್ಮ ಜಿಲ್ಲೆಯ ಸಿನಿಮಾ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’, ಒಟ್ಟು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದರು. ಕೋಟೆಯ ಬಂಡೆಗಳು ಆ ಸಿನಿಮಾದಲ್ಲಿ ಪಾತ್ರಗಳಂತೆಯೇ ನಿಂತಿವೆ. ರಾಮಾಚಾರಿಯಾಗಿ ವಿಷ್ಣುವರ್ಧನ್ ನಾಯಕರಾದದ್ದು ಅಲ್ಲಿ, ಚಾಮಯ್ಯ ಮೇಷ್ಟ್ರಾಗಿ ಅಶ್ವಥ್ ಮನೆಮನೆಯ ಮೇಷ್ಟ್ರಾದದ್ದು ಅಲ್ಲಿ. 2018ರಲ್ಲಿ ಹೊಸ ತಾಂತ್ರಿಕತೆಯಲ್ಲಿ ಮತ್ತೆ ಬಿಡುಗಡೆಯಾದಾಗ ಮೊಮ್ಮಕ್ಕಳನ್ನು ಕರೆದುಕೊಂಡು ಹೋದವರಿದ್ದಾರೆ. ಇಂಥ ಸಿನಿಮಾದಲ್ಲಿ ಅಂಬರೀಶ್ ಮೊದಲ ಸಲ ತೆರೆಗೆ ಬಂದದ್ದು ಜಲೀಲನಾಗಿ. ಅಲಮೇಲುವನ್ನು ಕಾಡುವ ಪೋಲಿ ಹುಡುಗನ ಪಾತ್ರ. ಅವಳಣ್ಣ ವರದ ರಾಮಾಚಾರಿಯ ನೆರವು ಕೇಳುತ್ತಾನೆ, ರಾಮಾಚಾರಿ ಜಲೀಲನನ್ನು ಬಡಿಯುತ್ತಾನೆ, ಅಲ್ಲಿಂದ ಪ್ರೇಮದ ಕತೆ ಮುಂದೆ ಸಾಗುತ್ತದೆ. ಅಂದರೆ ಕಥಾನಾಯಕ ನಾಯಕಿಯ ಹತ್ತಿರ ಬರಲು ಜಲೀಲ ಒಂದು ಮೆಟ್ಟಿಲು. ಮೆಟ್ಟಿಲಿನ ಕೆಲಸ ಮುಗಿದ ಮೇಲೆ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಅವನ ಮನೆ ಎಲ್ಲಿ, ಅವನಮ್ಮ ಯಾರು, ಅವನಿಗೂ ಒಬ್ಬ ಮೇಷ್ಟ್ರಿದ್ದರೆ ಏನು ಹೇಳುತ್ತಿದ್ದರು ಎಂದು ಕತೆ ಕೇಳುವುದಿಲ್ಲ.

ಅದೇ ಸಿನಿಮಾದಲ್ಲಿ ಓಬವ್ವನ ಪ್ರಸಂಗವೂ ಇದೆ. ಜಯಂತಿಯವರು ಒನಕೆ ಹಿಡಿದು ಕಿಂಡಿಯ ಬಳಿ ನಿಂತ ದೃಶ್ಯವನ್ನು ನಮ್ಮ ಜಿಲ್ಲೆಯಲ್ಲಿ ನೋಡದವರಿಲ್ಲ. ಕಿಂಡಿಯಿಂದ ನುಸುಳಿ ಬರುವವರು ಹೈದರಾಲಿಯ ಸೈನಿಕರು. ಹೀಗೆ ಒಂದೇ ಸಿನಿಮಾದಲ್ಲಿ ಮುಸ್ಲಿಂ ಹೆಸರು ಎರಡು ಕಡೆ ಬರುತ್ತದೆ, ಎರಡು ಕಡೆಯೂ ಒಳಗೆ ನುಗ್ಗುವವನಾಗಿ ಬಂದು ಏಟು ತಿನ್ನುತ್ತದೆ. ಹೈದರಾಲಿ ಮತ್ತು ಮದಕರಿ ನಾಯಕರ ನಡುವೆ ನಡೆದದ್ದು ಒಂದು ಪಾಳೆಯಪಟ್ಟಿಗೂ ಬೆಳೆಯುತ್ತಿದ್ದ ಮೈಸೂರಿಗೂ ನಡೆದ ಅಧಿಕಾರದ ಯುದ್ಧ. ಅದು 1779ರಲ್ಲಿ ಮುಗಿಯಿತು. ನಮ್ಮ ಮನೆಯ ಹೆಂಗಸರು ಆ ದೃಶ್ಯ ನೋಡುವಾಗ ಓಬವ್ವನ ಪರವಾಗಿಯೇ ಉಸಿರು ಬಿಗಿಹಿಡಿದು ಕೂತವರು. ಗಂಡ ಉಣ್ಣಲು ಕೂತಿದ್ದಾನೆ, ಎಬ್ಬಿಸುವುದು ಬೇಡ, ನಾನೇ ನೋಡಿಕೊಳ್ಳುತ್ತೇನೆ ಎಂದು ಹೊರಟ ಹೆಂಗಸು ಯಾರ ಮನೆಯಲ್ಲಿ ಇಲ್ಲ? ಅವಳು ನಮ್ಮವಳೂ ಹೌದು. ಇದನ್ನು ಹೇಳುವುದು ಏಕೆಂದರೆ, ಜಲೀಲನ ಬಗ್ಗೆ ಕೇಳಿದ ಕೂಡಲೇ ಇವರಿಗೆ ಓಬವ್ವನೂ ಬೇಡವೇ ಎಂದು ಕೇಳುವವರಿದ್ದಾರೆ. ಓಬವ್ವನನ್ನು ನಾವು ಬಿಟ್ಟುಕೊಡುವುದಿಲ್ಲ. ಜಲೀಲನ ಬಗ್ಗೆ ಕೇಳುವುದನ್ನೂ ಬಿಡುವುದಿಲ್ಲ.

ಇಲ್ಲಿ ಪುಟ್ಟಣ್ಣನವರನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುವುದು ನಮ್ಮ ಉದ್ದೇಶವಲ್ಲ. ಬೇರೆ ಧರ್ಮದ ಮಾರ್ಗರೆಟ್‌ಳನ್ನು ರಾಮಾಚಾರಿ ಪ್ರೀತಿಸಿದಾಗ, ಅದನ್ನು ಒಪ್ಪಲಾರದ ಊರನ್ನೂ ಮೇಷ್ಟ್ರನ್ನೂ ಆ ಸಿನಿಮಾ ಪ್ರಶ್ನಿಸುತ್ತದೆ. ಒಳ್ಳೆಯ ಗುರು ಕೂಡ ಜಾತಿಯ ಗೋಡೆಯ ಮುಂದೆ ಸೋಲುತ್ತಾನೆ ಎಂದು ಹೇಳುವ ಧೈರ್ಯ ಅದಕ್ಕಿದೆ. ತ.ರಾ.ಸು. ಅವರಿಗೆ ಮಾತ್ರ ಸಿನಿಮಾ ಒಪ್ಪಿಗೆಯಾಗಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರೆಂದು ಅವರು ಆಡಿದ ಮಾತು ಪ್ರಸಿದ್ಧವಾಗಿದೆ. ಕತೆಯ ಸಾರಾಂಶ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೂ ಬರೆದವನ ಕಣ್ಣಿಗೆ ಒಂದು ನಾಗರ, ಇನ್ನೊಂದು ಕೇರೆ. ಸಾರಾಂಶದಲ್ಲಿ ವಿಷವೂ ಉಳಿಯುವುದಿಲ್ಲ, ಹೆಡೆಯೂ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ.

ಜಲೀಲನ ಎದುರು ತುದಿಯಲ್ಲಿ ಇನ್ನೊಬ್ಬರಿದ್ದಾರೆ. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ 1990ರಲ್ಲಿ ಬಂತು. ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ ಎಂದು ನಾಲ್ಕು ಪದ ಬರೆದರೆ ಸಾಕು, ನಮ್ಮ ಗುಂಪಿನಲ್ಲಿ ಉತ್ತರ ಬರುತ್ತದೆ. ಶರೀಫರ ಬಗ್ಗೆ ನಮಗೆ ಯಾರಿಗೂ ಕಡಿಮೆಯಿಲ್ಲದ ಗೌರವವಿದೆ. ಆದರೆ ಕನ್ನಡ ಸಿನಿಮಾದಲ್ಲಿ ನಮಗಾಗಿ ಇಟ್ಟಿರುವ ಕುರ್ಚಿಗಳನ್ನು ಎಣಿಸುತ್ತಾ ಹೋದರೆ ಬಹಳ ಕಾಲ ಸಿಕ್ಕದ್ದು ಮೂರೇ. ಒಂದು ಪೋಲಿಯದು, ಒಂದು ಸಂತನದು, ನಡುವೆ ನಾಯಕನಿಗಾಗಿ ಪ್ರಾಣ ಕೊಡುವ ಗೆಳೆಯನದು. ಪಂಕ್ಚರ್ ಹಾಕುವವನು, ಬಳೆ ಮಾರುವವಳು, ಸಂತೆಯಲ್ಲಿ ಕುರಿ ವ್ಯಾಪಾರ ಮಾಡುವವನು, ಕನ್ನಡ ಶಾಲೆಯ ಮೇಷ್ಟ್ರಾದವನು, ಸಾಲ ಮಾಡಿ ಮಗಳಿಗೆ ಬಿ.ಇಡಿ. ಓದಿಸಿದವನು ಎಲ್ಲಿ ಕೂರಬೇಕು? ಏಟು ತಿನ್ನದೆ, ಪವಾಡ ಮಾಡದೆ, ಯಾರಿಗಾಗಿಯೂ ಸಾಯದೆ ಒಬ್ಬ ಮುಸ್ಲಿಮನು ಸಿನಿಮಾದಲ್ಲಿ ಸುಮ್ಮನೆ ಬದುಕಿರಬಹುದೆಂಬುದು ನಮಗೇ ಮರೆತುಹೋಗಿತ್ತು. ‘ನಾಗರಹಾವು’ ಬಂದ ವರ್ಷವೇ ಹಿಂದಿಯಲ್ಲಿ ‘ಪಾಕೀಜಾ’ ಬಂತು. ಅದಕ್ಕೆ ಮುಂಚೆ ‘ಚೌದವೀ ಕಾ ಚಾಂದ್’, ‘ಮೇರೆ ಮೆಹಬೂಬ್’ ಬಂದಿದ್ದವು. ಅವುಗಳಲ್ಲಿ ನವಾಬರಿದ್ದರು, ಶೇರ್‌ವಾನಿ ಇತ್ತು, ಮುಸುಕಿನ ಹಿಂದೆ ಚೆಲುವೆಯಿದ್ದಳು. ಮತ್ತೋಡಿನ ಸಾಬರ ಕೇರಿಗೆ ಅವು ಲಖನೌದಷ್ಟೇ ದೂರ.

*

ಇಷ್ಟು ಹೇಳಿ ನಿಲ್ಲಿಸಿದರೆ ನಾವು ಪ್ರಾಮಾಣಿಕರಲ್ಲ. ಜಲೀಲನ ಮಾತು ಬಂದ ಕೆಲವು ದಿನಕ್ಕೆ ಸುಳಿವು ಕೊಡುವ ಸರದಿ ನಮ್ಮದಾಯಿತು. ಆತುರದಲ್ಲಿ ಎರಡೇ ಪದ ಬರೆದೆವು: ತಲಾಖ್ ಸಿನಿಮಾ. ‘ಹಸೀನಾ’ ಎಂದು ಉತ್ತರ ತಕ್ಷಣ ಬಂತು. ಗೆದ್ದವನು ಖುಷಿಪಟ್ಟ. ನಮಗೆ ಮಾತ್ರ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಬೇರೆಯವರು ಜಲೀಲನಿಗೆ ಮಾಡಿದ್ದನ್ನು ನಾವು ಹಸೀನಾಳಿಗೆ ಮಾಡಿದ್ದೆವು.

‘ಹಸೀನಾ’ ಗಿರೀಶ್ ಕಾಸರವಳ್ಳಿಯವರ 2004ರ ಸಿನಿಮಾ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆ ಅದಕ್ಕೆ ಆಧಾರ. ಅದರ ಅಭಿನಯಕ್ಕೆ ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಗಂಡು ಮಗು ಹೆರಲಿಲ್ಲವೆಂದು ಆಟೋ ಓಡಿಸುವ ಗಂಡ ಬಿಟ್ಟುಹೋಗುತ್ತಾನೆ. ಹೆಣ್ಣುಮಕ್ಕಳನ್ನು ಕಟ್ಟಿಕೊಂಡ ತಾಯಿ ಮಸೀದಿಯ ಮುತವಲ್ಲಿಯ ಬಳಿ ನ್ಯಾಯ ಕೇಳಲು ಹೋಗುತ್ತಾಳೆ. ಅವಳು ಕೇಳುವುದು ಧರ್ಮದ ಹೊರಗಿನದನ್ನಲ್ಲ, ಧರ್ಮವೇ ತನಗೆ ಕೊಟ್ಟಿರುವ ಹಕ್ಕನ್ನು. ಕುರ್‌ಆನಿನಲ್ಲಿ ಹೆಣ್ಣಿಗೆ ಏನಿದೆಯೆಂದು ತಿಳಿದವರೇ ಅದನ್ನು ಅವಳಿಂದ ಮರೆಮಾಚುತ್ತಾರೆ ಎಂಬುದು ಆ ಕತೆಯ ಬೆಂಕಿ. ‘ತಲಾಖ್ ಸಿನಿಮಾ’ ಎಂಬ ಸುಳಿವಿನಲ್ಲಿ ಇದರ ಒಂದು ಕಿಡಿಯೂ ಇಲ್ಲ. ಸುದ್ದಿ ಚಾನೆಲ್ಲಿನವರು ನಮ್ಮ ಹೆಂಗಸರ ಬಗ್ಗೆ ಬಳಸುವ ಪದವನ್ನೇ ನಾವು ಎತ್ತಿಕೊಂಡಿದ್ದೆವು. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ಗೆ, ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ, ಅಂತರರಾಷ್ಟ್ರೀಯ ಬೂಕರ್ ಬಂದಾಗ ‘ಕರಿ ನಾಗರಗಳು’ ಕೂಡ ಆ ಹನ್ನೆರಡು ಕತೆಗಳಲ್ಲಿ ಸೇರಿ ಜಗತ್ತಿಗೆ ಹೋಯಿತು. ಆಗಲೂ ಬಹಳ ಜನ ಮಾಡಿದ್ದು ನಮ್ಮ ಕೆಲಸವನ್ನೇ. ಮುಸ್ಲಿಂ ಹೆಂಗಸರ ಗೋಳಿನ ಕತೆಗಳು ಎಂದು ಒಂದು ಸಾಲು ಬರೆದು ಪುಸ್ತಕವನ್ನು ಮುಚ್ಚಿದರು. ಆ ಹೆಂಗಸರ ಬೈಗುಳ, ನಗು, ಹಟ, ಪರಸ್ಪರ ಕೊಡುವ ಧೈರ್ಯ ಆ ಸಾಲಿನ ಹೊರಗೇ ಉಳಿಯಿತು.

ಆ ದಿನದಿಂದ ನಾವು ಒಂದು ವಿಷಯ ಗಮನಿಸಲು ತೊಡಗಿದೆವು. ಬೇಗ ಬರುವ ಉತ್ತರದಲ್ಲಿ ಎರಡು ಬಗೆಯಿದೆ. ಎತ್ತಿನ ಜೋಡಿ, ಇಲ್ಲದ ನೆಲ ಎಂದಾಗ ‘ಚೋಮನ ದುಡಿ’ ನೆನಪಾಗುವುದು ಆ ಸಿನಿಮಾ ಮನಸ್ಸಿನಲ್ಲಿ ಉಳಿದಿರುವುದರಿಂದ. ಆ ಸುಳಿವು ಬೇರೆಲ್ಲೂ ಹೋಗಲಾರದು. ತಲಾಖ್ ಎಂದಾಗ ‘ಹಸೀನಾ’ ನೆನಪಾಗುವುದು ಸಿನಿಮಾವನ್ನು ಮರೆತು ಅದರ ಮೇಲೆ ಅಂಟಿಸಿದ ಚೀಟಿಯನ್ನು ಮಾತ್ರ ನೆನಪಿಟ್ಟಿರುವುದರಿಂದ. ಎರಡು ಉತ್ತರವೂ ಸರಿಯೇ, ಆದರೆ ಮೊದಲನೆಯದು ನೆನಪು, ಎರಡನೆಯದು ಪೂರ್ವಗ್ರಹ. ಜಲೀಲನ ಸುಳಿವಿಗೆ ಐದಾರು ಸಿನಿಮಾಗಳ ಹೆಸರು ಬಂದದ್ದು ಏಕೆಂದು ಈಗ ತಿಳಿಯುತ್ತದೆ. ಅವನನ್ನು ಬರೆದವರು ಒಬ್ಬ ಮನುಷ್ಯನನ್ನು ಬರೆದಿರಲಿಲ್ಲ. ನಮ್ಮ ಅಜ್ಜಿಯರ ಲೆಕ್ಕದಲ್ಲಿ ಅದು ಸರಿಯಿಲ್ಲದ ಒಗಟು. ಜಲೀಲ ಇಂದಿಗೂ ಜನರ ನಾಲಿಗೆಯ ಮೇಲಿದ್ದರೆ ಅದು ಅಂಬರೀಶ್ ಎಂಬ ನಟ ಆ ಸಣ್ಣ ಪಾತ್ರಕ್ಕೆ ತುಂಬಿದ ಜೀವದಿಂದ, ಮತ್ತು ಅವರು ಮುಂದೆ ಬೆಳೆದ ಎತ್ತರದಿಂದ. ಪಾತ್ರ ಬರೆದವರ ಕೃಪೆಯಿಂದಲ್ಲ.

ಹಾಗಾದರೆ ಒಂದು ಸಾಲಿಗೆ ಇಳಿಯಲು ಒಪ್ಪದ ಸಿನಿಮಾಗಳು ಹೇಗಿರುತ್ತವೆ? ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು ಅವರ ‘ಗರ್ಮ್ ಹವಾ’ 1974ರಲ್ಲಿ ತೆರೆಗೆ ಬಂತು. ಇಸ್ಮತ್ ಚುಗ್ತಾಯಿಯವರ ಕತೆಯನ್ನು ಆಧರಿಸಿ ಕೈಫಿ ಆಜ್ಮಿ ಮತ್ತು ಶಮಾ ಜೈದಿ ಬರೆದದ್ದು. ದೇಶ ವಿಭಜನೆಯ ಸಿನಿಮಾ ಎಂದು ನಮ್ಮಲ್ಲೊಬ್ಬ ಸುಳಿವು ಕೊಟ್ಟ. ಅದಕ್ಕೆ ಹತ್ತು ಉತ್ತರ ಬಂದವು. ಎರಡನೆಯ ಸಲ ಅವನು ಬರೆದ: ಹವೇಲಿ ಬಿಟ್ಟು ಹೊರಡುವ ದಿನ ಮನೆಯ ಮುದುಕಿ ಕಟ್ಟಿಗೆ ಕೋಣೆಯಲ್ಲಿ ಅಡಗಿ ಕೂತಿದ್ದಾಳೆ. ನೋಡಿದವರಿಗೆ ಅಷ್ಟು ಸಾಕಾಯಿತು. ಆಗ್ರಾದ ಸಲೀಂ ಮಿರ್ಜಾ ರೈಲ್ವೆ ಸ್ಟೇಷನ್ನಿಗೆ ಹೋಗಿ ಒಬ್ಬೊಬ್ಬರನ್ನೇ ಪಾಕಿಸ್ತಾನಕ್ಕೆ ಕಳಿಸಿ ಟಾಂಗಾದಲ್ಲಿ ಒಬ್ಬನೇ ಮರಳುವುದು, ಚಪ್ಪಲಿ ಬೂಟಿನ ಕಾರಖಾನೆಗೆ ಸಾಲ ಹುಟ್ಟದಿರುವುದು, ಬಾಡಿಗೆಗೆ ಮನೆ ಸಿಗದಿರುವುದು, ಇವೆಲ್ಲ ಆ ಮುದುಕಿಯ ಹಿಂದೆ ಹಿಂದೆ ನೆನಪಾಗಿ ಬಂದವು. ಅವಳು ಮುಸ್ಲಿಮಳು ಎಂದು ಸುಳಿವಿನಲ್ಲಿ ಹೇಳಬೇಕಾಗಲಿಲ್ಲ. ತನ್ನ ಮನೆ ಬಿಡಲಾರದ ಮುದುಕಿ ಎಂದರೆ ವಾಣಿವಿಲಾಸ ಸಾಗರಕ್ಕೆ ಮನೆ ಕಳೆದುಕೊಂಡ ಹಳ್ಳಿಗಳ ಮಾತು ಕೇಳಿ ಬೆಳೆದ ನಮ್ಮ ಲಿಂಗಾಯತ ಗೆಳೆಯನಿಗೂ ಅರ್ಥವಾಗುತ್ತದೆ.

ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ 2008ರಲ್ಲಿ ಬಂತು. ವೈದೇಹಿಯವರ ಕತೆಯ ಕೇಂದ್ರದಲ್ಲಿರುವವಳು ಮುಸ್ಲಿಂ ಹೆಂಗಸಲ್ಲ. ಕಾಸರವಳ್ಳಿ ಅವಳನ್ನು ಕರಾವಳಿಯ ಮೀನುಗಾರರ ನಡುವೆ ಇರುವ ಮುಸ್ಲಿಂ ಸೂಲಗಿತ್ತಿಯನ್ನಾಗಿ ಮಾಡಿ, ಕಾಲವನ್ನು ಕಾರ್ಗಿಲ್ ಯುದ್ಧದ ದಿನಗಳಿಗೆ ತಂದರು. ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಅವಳ ಮನೆಗೆ ಬಣ್ಣದ ಟಿ.ವಿ. ಬರುತ್ತದೆ. ಅಕ್ಕಪಕ್ಕದ ಹೆಂಗಸರು ಅವಳ ಜಗಲಿಗೆ ಬಂದು ಕೂರುತ್ತಾರೆ. ಯುದ್ಧದ ಸುದ್ದಿ ಅದೇ ಪೆಟ್ಟಿಗೆಯಿಂದ ಬರತೊಡಗಿದ ಮೇಲೆ, ಯಾಂತ್ರಿಕ ದೋಣಿಗಳವರಿಗೂ ಸಣ್ಣ ಮೀನುಗಾರರಿಗೂ ಇದ್ದ ಹೊಟ್ಟೆಪಾಡಿನ ಜಗಳ ಧರ್ಮದ ಬಣ್ಣ ಬಳಿದುಕೊಂಡ ಮೇಲೆ, ಗುಲಾಬಿ ಇದ್ದಕ್ಕಿದ್ದಂತೆ ಹೊರಗಿನವಳಾಗುತ್ತಾಳೆ. ಉಮಾಶ್ರೀಯವರಿಗೂ ಇದಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಊರವರ ಮಕ್ಕಳನ್ನೆಲ್ಲ ಮೊದಲು ಮುಟ್ಟಿದ ಕೈಯನ್ನು ಊರವರು ಮುಟ್ಟದಾದರು ಎಂದು ಹೊಸದುರ್ಗದ ಗೆಳೆಯ ಇದಕ್ಕೆ ಸುಳಿವು ಬರೆದ. ಅವನು ಮುಸ್ಲಿಮನಲ್ಲ. ಆ ಸಾಲು ಓದಿದಾಗ ನಮ್ಮ ಆಟದಿಂದ ಏನೋ ಒಂದು ಒಳ್ಳೆಯದಾಗಿದೆ ಅನ್ನಿಸಿತು.

*

ಇದು ಆಟ, ಆಟಕ್ಕೆ ಇಷ್ಟು ಭಾರ ಹೊರಿಸಬಾರದು ಎಂದು ನಮ್ಮ ಗುಂಪಿನಲ್ಲೇ ಹೇಳುವವರಿದ್ದಾರೆ. ತೋಟದ ಗೆಳೆಯ ಒಂದು ದಿನ ಬೇಸರದಿಂದ, ನಗೋಕೆ ಬರ್ತೀವಪ್ಪ, ಪಾಠ ಕೇಳೋಕಲ್ಲ ಎಂದ. ಅವನ ಮಾತಿನಲ್ಲಿ ನ್ಯಾಯವಿದೆ. ಒಂದೇ ಸಾಲಿಗೆ ಏಳು ಜನ ಒಂದೇ ಹೆಸರು ಹೇಳುವಾಗ ಸಿಗುವ ಖುಷಿಯಲ್ಲಿ, ನಾವೆಲ್ಲ ಒಂದೇ ಕತ್ತಲೆಯಲ್ಲಿ ಕೂತು ಒಂದೇ ಬೆಳಕನ್ನು ನೋಡಿದವರು ಎಂಬ ನೆನಪಿದೆ. ಊರೂರಲ್ಲಿ ಜನ ಬೇರೆ ಬೇರೆ ಅಂಗಡಿಗೆ, ಬೇರೆ ಬೇರೆ ಶಾಲೆಗೆ ಹೋಗುತ್ತಿರುವ ಕಾಲದಲ್ಲಿ ಆ ನೆನಪನ್ನು ಹಾಳುಮಾಡುವುದು ನಮಗೂ ಬೇಡ. ಆದರೆ ಎಲ್ಲರ ನೆನಪು ಎನ್ನುವುದರಲ್ಲಿ ಒಬ್ಬನು ಯಾವಾಗಲೂ ಏಟು ತಿನ್ನುವವನಾಗಿಯೇ ಇದ್ದರೆ ಅವನು ಎಷ್ಟು ದಿನ ನಗುತ್ತಾ ಕೂರಬಲ್ಲ? ದಮ್ಮಾಮಿನ ಗೆಳೆಯ ಆ ರಾತ್ರಿ ಗುಂಪು ಬಿಟ್ಟುಹೋಗಿದ್ದರೆ ಏನಾಯಿತೆಂದೂ ಉಳಿದವರಿಗೆ ತಿಳಿಯುತ್ತಿರಲಿಲ್ಲ. ಅವನು ಬಿಡದೆ ಮಾತಾಡಿದ. ಅದರಿಂದ ಆಟ ಉಳಿಯಿತು.

ಕತೆಯ ಎಳೆಗೂ ಕತೆಗೂ ಇರುವ ದೂರದ ಬಗ್ಗೆ ನ್ಯಾಯಾಲಯಗಳೂ ತಲೆ ಕೆಡಿಸಿಕೊಂಡಿವೆ. ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನು ‘ನ್ಯೂ ಡೆಲ್ಲಿ’ ಎಂಬ ಸಿನಿಮಾ ಕದ್ದಿದೆಯೆಂದು ದೂರಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ ತೀರ್ಪು ಕೊಟ್ಟಿತು. ಕಲ್ಪನೆಗೆ, ವಸ್ತುವಿಗೆ, ಕತೆಯ ಎಳೆಗೆ ಯಾರೂ ಹಕ್ಕುದಾರರಲ್ಲ, ಅದನ್ನು ಹೇಳಿದ ಬಗೆಗೆ ಮಾತ್ರ ಹಕ್ಕಿರುತ್ತದೆ ಎಂಬುದು ಅದರ ಸಾರ. ಆನಂದ್ ಸೋತರು. ಸಾರಾ ಅಬೂಬಕ್ಕರ್ ಅವರ ಅನುಭವ ಬೇರೆಯದು. 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾಸರಗೋಡಿನ ನಾದಿರಾಳ ಕತೆ. ಅಪ್ಪನ ಹಟಕ್ಕೆ ಗಂಡನಿಂದ ಬೇರೆಯಾದವಳು, ಮತ್ತೆ ಅವನನ್ನು ಸೇರಬೇಕಾದರೆ ಇನ್ನೊಬ್ಬನ ಹೆಂಡತಿಯಾಗಿ ಒಂದು ರಾತ್ರಿ ಕಳೆಯಬೇಕೆಂಬ ಕಟ್ಟಳೆಗೆ ಸಿಕ್ಕಿ, ಮಸೀದಿಯ ಕೊಳದಲ್ಲಿ ಜೀವ ಕಳೆದುಕೊಳ್ಳುತ್ತಾಳೆ. 2011ರ ‘ಬ್ಯಾರಿ’ ಸಿನಿಮಾ ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಚಿತ್ರದ ಪ್ರಶಸ್ತಿಯನ್ನು ಹಂಚಿಕೊಂಡಾಗ, ಕಾದಂಬರಿ ಓದಿದವರಿಗೆ ಆ ಕತೆಯ ಹೆಸರು ಹೇಳಲು ಸುಳಿವೇ ಬೇಕಾಗಲಿಲ್ಲ. ತಮ್ಮ ಅನುಮತಿ ಪಡೆದಿಲ್ಲವೆಂದು ಸಾರಾ ಕೋರ್ಟಿಗೆ ಹೋದರು. ಮಂಗಳೂರಿನ ಜಿಲ್ಲಾ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. 2023ರ ಜನವರಿಯಲ್ಲಿ ಸಾರಾ ತೀರಿಕೊಂಡರು. ಒಬ್ಬ ಹೆಂಗಸು ತನ್ನ ಸಮಾಜದವರಿಂದಲೂ ಹೊರಗಿನವರಿಂದಲೂ ಮಾತು ಕೇಳಿ, ಕಷ್ಟಪಟ್ಟು ಬರೆದ ಕತೆಯನ್ನು ಸಾರಾಂಶವಾಗಿ ಎತ್ತಿಕೊಳ್ಳುವುದು ಸುಲಭ. ಅವಳ ಹೆಸರನ್ನೂ ಜೊತೆಯಲ್ಲಿ ಎತ್ತಿಕೊಳ್ಳುವುದಕ್ಕೆ ಮನಸ್ಸು ಬೇಕು. ನಮ್ಮ ಆಟದಲ್ಲೂ ಸಿನಿಮಾದ ಹೆಸರು ಹೇಳಿದವನು ಗೆಲ್ಲುತ್ತಿದ್ದ. ಕತೆ ಯಾರದೆಂದು ಯಾರೂ ಕೇಳುತ್ತಿರಲಿಲ್ಲ.

ಈಗ ನಾವು ನಿಯಮ ಬದಲಿಸಿಕೊಂಡಿದ್ದೇವೆ. ಸಿನಿಮಾದ ಹೆಸರಿನ ಜೊತೆಗೆ ಕತೆ ಯಾರದೆಂದೂ ಹೇಳಬೇಕು. ಸುಳಿವಿನಲ್ಲಿ ಜಾತಿಯ ಹೆಸರು, ಧರ್ಮದ ಹೆಸರು ಬಳಸುವಂತಿಲ್ಲ. ಒಂದು ಸುಳಿವಿಗೆ ಎರಡು ಸಿನಿಮಾ ಹೊಂದಿದರೆ ಸುಳಿವು ಕೊಟ್ಟವನೇ ಸೋತಂತೆ. ಮೊದಲಿಗಿಂತ ಆಟ ಕಷ್ಟವಾಗಿದೆ. ಒಂದೊಂದು ಸಾಲಿಗೂ ಸಿನಿಮಾವನ್ನು ಮತ್ತೆ ನೆನೆಯಬೇಕು, ಕೆಲವೊಮ್ಮೆ ಮತ್ತೆ ನೋಡಬೇಕು. ತೋಟದ ಗೆಳೆಯ ಗೊಣಗುತ್ತಲೇ ‘ಗರ್ಮ್ ಹವಾ’ ನೋಡಿದ. ಮರುದಿನ ಬೆಳಿಗ್ಗೆ ಫೋನ್ ಮಾಡಿ, ಆ ಅಜ್ಜಿ ನಮ್ಮಜ್ಜಿ ಥರಾನೇ ಇದ್ದಾಳೆ ಎಂದ.

ನಮ್ಮೂರಿನ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇವೆ. ಹಳೆಯ ಬರಹಗಳಲ್ಲಿ ಮತ್ತೋಡು ಸಿಗುವುದು ಗಾಜಿನ ಬಳೆಗಳಿಗೆ ಹೆಸರಾದ ಊರಾಗಿ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರಕ್ಕಾಗಿ ಈ ಸೀಮೆಗಳನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್ ನಮ್ಮೂರಿನ ಗಾಜಿನ ಕುಲುಮೆಗಳನ್ನು, ಗಾಜು ಕರಗಿಸುವ ಬಗೆಯನ್ನು ಬರೆದಿಟ್ಟಿದ್ದಾನೆ. ಆ ಕುಲುಮೆಗಳ ಮುಂದೆ ಬೆವರು ಸುರಿಸಿದವರ ಹೆಸರುಗಳು ನಮಗೆ ತಿಳಿದಿಲ್ಲ. ಗಾಜಿನ ಬಳೆಯ ಊರು ಎಂಬ ಸುಳಿವಿಗೆ ಮತ್ತೋಡು ಎಂದು ಈಗ ಉತ್ತರ ಹೇಳುವವರು ನಮ್ಮ ತಾಲೂಕಿನಲ್ಲೇ ಕಡಿಮೆ. ಊರಿಗೂ ಹೀಗೆ ಒಂದು ಸಾಲು ಮಾತ್ರ ಉಳಿಯಬಹುದು. ಆ ಸಾಲನ್ನು ಯಾರು ಬರೆಯುತ್ತಾರೆ, ಅದರಲ್ಲಿ ಯಾರನ್ನು ಬಿಡುತ್ತಾರೆ ಎಂದು ಕೇಳುವ ಅಭ್ಯಾಸವನ್ನು ನಮಗೆ ಕಲಿಸಿದ್ದು ರಾತ್ರಿ ಹತ್ತರ ಮೇಲೆ ಆಡುವ ಒಂದು ಸಣ್ಣ ಆಟ, ಮತ್ತು ದಮ್ಮಾಮಿನಲ್ಲಿ ಕೂತು ಜಲೀಲನ ಬಗ್ಗೆ ಕೇಳಿದ ಒಬ್ಬ ಗೆಳೆಯ. ಅವನು ಮೊನ್ನೆ ಹೊಸ ಸುಳಿವು ಹಾಕಿದ್ದಾನೆ. ನಾವಿನ್ನೂ ಯೋಚಿಸುತ್ತಿದ್ದೇವೆ.